ಒಂಬತ್ತನೇ ನಂಬರಿನ ಬಿಸಿನೀರು

ಎರಡನೇ ಸಲ ತಲೆಗೆ ಶಾಂಪೂ ಹಚ್ಚಿದ್ದೇ ಸಿರಿಲ್ ಬ್ರಾಡ್‌ಬೆಂಟ್ ಮಾಡಿದ ತಪ್ಪು. ಒಂದೇ ಸಲಕ್ಕೆ ನಿಲ್ಲಿಸಿದ್ದರೆ ಆ ಶನಿವಾರವೂ ಉಳಿದ ಶನಿವಾರಗಳ ಹಾಗೆ ಸದ್ದಿಲ್ಲದೆ ಕಳೆದುಹೋಗುತ್ತಿತ್ತು. ಆದರೆ ಮೊದಲ ಸಲ ನೀರು ಹದವಾಗಿ ಬಂತಲ್ಲ, ಆಸೆಯಾಯಿತು. ಅರವತ್ತಾರು ವರ್ಷದ ತಲೆಯ ಮೇಲೆ ಉಳಿದಿದ್ದ ಅಷ್ಟಿಷ್ಟು ಕೂದಲಿಗೆ ಧಾರಾಳವಾಗಿ ಶಾಂಪೂ ಸುರಿದುಕೊಂಡು, ನೊರೆ ಎಬ್ಬಿಸಿ, ಕಣ್ಣು ಮುಚ್ಚಿ ನಲ್ಲಿ ತಿರುಗಿಸಿದ. ಕೆಳಗೆ ಅಡುಗೆಮನೆಯಲ್ಲಿ ಬಾಯ್ಲರು ಒಮ್ಮೆ ಗುರ್ ಎಂದಿತು, ಟಕ್ ಎಂದಿತು, ಸುಮ್ಮನಾಯಿತು. ಬೆನ್ನ ಮೇಲೆ ಬಿದ್ದ ತಣ್ಣೀರಿಗೆ ಸಿರಿಲ್ ನಲವತ್ತು ವರ್ಷದಿಂದ ಬಳಸದೆ ಜೋಪಾನವಾಗಿಟ್ಟಿದ್ದ ಒಂದು ಬೈಗುಳವನ್ನು ಖರ್ಚು ಮಾಡಿದ.

ಆ ಬಾಯ್ಲರು ಅಡುಗೆಮನೆಯ ಗೋಡೆಗೆ ನೇತುಹಾಕಿದ ಒಂದು ಬಿಳಿ ಪೆಟ್ಟಿಗೆ. ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವುದೂ ಅದೇ, ನಲ್ಲಿ ಬಿಟ್ಟ ಕೂಡಲೇ ನೀರು ಕಾಯಿಸಿ ಕೊಡುವುದೂ ಅದೇ. ಕಾದ ನೀರನ್ನು ಕೂಡಿಡುವ ಹಂಡೆಗಿಂಡೆ ಏನೂ ಇಲ್ಲ. ಅದಕ್ಕೆ ಹತ್ತೊಂಬತ್ತು ವರ್ಷ ವಯಸ್ಸು, ಅಂದರೆ ಬಾಯ್ಲರುಗಳ ಪೈಕಿ ಮೊಮ್ಮಕ್ಕಳನ್ನು ಕಂಡ ವಯಸ್ಸು. ಸಿರಿಲ್‌ನ ಹೆಂಡತಿ ಎನಿಡ್ ಅದನ್ನು ಮುದುಕ ಎಂದೇ ಕರೆಯುತ್ತಿದ್ದಳು. ಮೂರು ವಾರದಿಂದ ಮುದುಕನಿಗೆ ಏನೋ ಹಿಡಿದಿತ್ತು. ಬೇಕೆನಿಸಿದಾಗ ನೀರು ಕಾಯಿಸುತ್ತಿತ್ತು, ಬೇಡವೆನಿಸಿದಾಗ ಟಕ್ ಎಂದು ಆರಿಹೋಗುತ್ತಿತ್ತು.

ಟವೆಲು ಸುತ್ತಿಕೊಂಡು ಕೆಳಗಿಳಿಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಎನಿಡ್. ಹಿಂದಿನ ದಿನವೇ ಸೌತ್‌ಪೋರ್ಟಿನ ಅಕ್ಕನ ಮನೆಗೆ ಹೋಗಿದ್ದಳು.

“ಬಿಸಿನೀರು ಬರ್ತಿದೆಯಾ?”

“ಬೆಂಕಿ ಥರ ಬರ್ತಿದೆ,” ಎಂದ ಸಿರಿಲ್. ಮೂಗಿನ ತುದಿಯಿಂದ ನೊರೆ ಫೋನಿನ ಮೇಲೆ ತೊಟ್ಟಿಕ್ಕಿತು.

“ಒಪ್ಪಂದ ನೆನಪಿದೆ ತಾನೆ? ಐದು ಗಂಟೆಗೆ ನಾನು, ಅಕ್ಕ ಇಬ್ಬರೂ ಬರ್ತೀವಿ. ಅವಳು ಬಂದ ತಕ್ಷಣ ಸ್ನಾನಕ್ಕೆ ಇಳೀತಾಳೆ. ಅವಳ ಸ್ನಾನ ಮುಗಿಯೋವರೆಗೂ ನೀರು ಬಿಸಿಯಾಗಿದ್ರೆ ನಾನು ಫ್ಲ್ಯಾಟಿನ ಮಾತು ಎತ್ತೋದಿಲ್ಲ. ಮಧ್ಯದಲ್ಲಿ ತಣ್ಣಗಾಯ್ತೋ, ಸೋಮವಾರ ಇಲ್ಲಿ ಬಂದು ಸಹಿ ಹಾಕ್ತೀಯ. ಅಕ್ಕನ ಪಕ್ಕದ ಫ್ಲ್ಯಾಟು ಖಾಲಿ ಇದೆ, ಗೋಡೆಗೆ ಗೋಡೆ.”

ಗೋಡೆಗೆ ಗೋಡೆ ಎಂಬ ಮಾತಿಗೆ ಸಿರಿಲ್‌ನ ಬೆನ್ನು ಇನ್ನೊಮ್ಮೆ ತಣ್ಣಗಾಯಿತು. ಹೆಂಡತಿಯ ಅಕ್ಕ ಮ್ಯಾವಿಸ್ ಕೆಟ್ಟ ಹೆಂಗಸೇನಲ್ಲ. ಮೂವತ್ತು ವರ್ಷ ಹೈಸ್ಕೂಲು ಹೆಡ್‌ಮಿಸ್ಟ್ರೆಸ್ ಆಗಿದ್ದವಳು, ಅಷ್ಟೇ. ದಿನಕ್ಕೆ ಮೂರು ಸಲ ಸ್ನಾನ ಮಾಡುತ್ತಾಳೆ, ಉಳಿದ ಹೊತ್ತು ಜನರನ್ನು ತಿದ್ದುತ್ತಾಳೆ. ಮದುವೆಯಾಗಿ ಮೂವತ್ತೆಂಟು ವರ್ಷವಾದರೂ ಸಿರಿಲ್‌ನನ್ನು ಬೇರೆಯವರಿಗೆ “ಇವನು ಎನಿಡ್ ಕಟ್ಟಿಕೊಂಡವನು” ಎಂದೇ ಪರಿಚಯಿಸುತ್ತಾಳೆ. ಅವನಿಗೆ ಫೌಂಡ್ರಿ ಬೀದಿಯ ಈ ಸಣ್ಣ ಮನೆ ಬೇಕು, ಹಿತ್ತಿಲಿನ ತನ್ನ ಶೆಡ್ಡು ಬೇಕು, ಅದರೊಳಗಿನ ಮುರುಕು ಆರಾಮಕುರ್ಚಿ ಬೇಕು. ಮ್ಯಾವಿಸ್ ಮಾತ್ರ ಬೇಡ. ಹೀಗೆ ಒಬ್ಬ ಮನುಷ್ಯನ ಮುಪ್ಪಿನ ಸುಖವೆಲ್ಲ ಒಂದು ಹಳೇ ಪೆಟ್ಟಿಗೆಯ ಕೈಗೆ ಹೋಗಿ ಕೂತಿತ್ತು.

“ಕೆಟಲಿನಲ್ಲಿ ನೀರು ಕಾಯಿಸಿ ತಲೆಗೆ ಹುಯ್ಕೊಳ್ಳೋ ಕಾಲ ಬಂದಿಲ್ಲ ತಾನೆ?” ಎಂದು ಎನಿಡ್ ಕುಟುಕಿ ಫೋನಿಟ್ಟಳು.

ಕೆಟಲಿನ ಕಡೆಗೇ ಹೊರಟಿದ್ದ ಸಿರಿಲ್‌ನ ಕೈ ಅಲ್ಲೇ ನಿಂತಿತು. ಇಲ್ಲ, ಆ ಮಾತು ನಿಜವಾಗಲು ಅವನು ಬಿಡುವುದಿಲ್ಲ. ಈ ತಲೆಯನ್ನು ಮುದುಕ ಕಾಯಿಸಿದ ನೀರಲ್ಲೇ ತೊಳೆಯುತ್ತೇನೆ ಎಂದು ಮನಸ್ಸಿನಲ್ಲೇ ಶಪಥ ಮಾಡಿದ. ಆದರೆ ನೊರೆ ಕಣ್ಣಿಗಿಳಿಯುತ್ತಿತ್ತು. ಕೈಗೆ ಸಿಕ್ಕಿದ್ದು ಟೀ ಪಾಟಿಗೆ ಹೊದಿಸುವ ಹಸಿರು ಉಣ್ಣೆಯ ಕುಲಾವಿ. ಅದನ್ನೇ ತಲೆಗೆ ಹಾಕಿ ಎಳೆದುಕೊಂಡ. ಪಾಟಿನ ಹಿಡಿಗೂ ಮೂತಿಗೂ ಬಿಟ್ಟಿದ್ದ ತೂತುಗಳಿಂದ ಅವನ ಕಿವಿಗಳು ಆಚೆ ಈಚೆ ಹೊರಬಂದವು.

ಮೊದಲು ಬಾಯ್ಲರಿನವರ ಸಹಾಯವಾಣಿಗೆ ಫೋನು ಮಾಡಿದ. ಮೂವತ್ತೈದು ನಿಮಿಷ ಪಿಟೀಲು ಕೇಳಿಸಿದ ಮೇಲೆ ಒಬ್ಬ ಹುಡುಗಿ ಲೈನಿಗೆ ಬಂದಳು.

“ಸರ್, ಮುಂದುಗಡೆ ಯಾವ ದೀಪ ಉರೀತಿದೆ?”

“ಕೆಂಪು.”

“ಗುಂಡಿ ಒತ್ತಿ ಐದು ಎಣಿಸಿ. ಈಗ?”

“ಹಸಿರು.”

“ಸರಿಹೋಯ್ತಲ್ಲ ಸರ್.”

“ನಲ್ಲಿ ಬಿಟ್ರೆ ಮತ್ತೆ ಕೆಂಪಾಗತ್ತೆ ತಾಯಿ.”

“ಹಾಗಾದ್ರೆ ನಲ್ಲಿ ಬಿಡಬೇಡಿ ಸರ್. ಮೆಕ್ಯಾನಿಕ್ ಮುಂದಿನ ವಾರ ಬಿಟ್ಟು ಆಚೆ ಗುರುವಾರ ಬರ್ತಾರೆ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ ಮನೇಲೇ ಇರಿ.”

ಸಿರಿಲ್ ಹಿತ್ತಿಲಿಗೆ ಬಂದು ನಿಂತ. ಜುಲೈ ಬಿಸಿಲು ಅಪರೂಪಕ್ಕೆ ಚುರುಗುಟ್ಟುತ್ತಿತ್ತು. ಲ್ಯಾಂಕಶೈರಿನ ಆ ಊರಿನಲ್ಲಿ ಮೂರು ವಾರದಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ. ಜನ ಅದನ್ನು ಹಬ್ಬದಂತೆಯೂ ಅಪಶಕುನದಂತೆಯೂ ಮಾತಾಡಿಕೊಳ್ಳುತ್ತಿದ್ದರು. ಸಾಲಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಐದು ಮನೆ: ಒಂದು, ಮೂರು, ಐದು, ಏಳು, ಒಂಬತ್ತು. ಸಿರಿಲ್‌ನದು ಕೊನೆಯ ಒಂಬತ್ತು. ಆಚೆ ತುದಿಯ ಒಂದನೇ ನಂಬರಿಗೆ ಮಾರ್ಚಿನಿಂದ ‘ಮಾರಾಟಕ್ಕಿದೆ’ ಬೋರ್ಡು ನೇತಾಡುತ್ತಿತ್ತು. ಮಧ್ಯದ ಮೂರೂ ಮನೆಯವರಿಗೆ ಬೇರೆಯವರ ತೊಂದರೆ ಅಂದರೆ ಪ್ರಾಣ.

ಐದನೇ ನಂಬರಿನ ಡಗ್ಲಸ್ ರಬ್ಬರು ಪೈಪು ಹಿಡಿದು ತನ್ನ ತೂಗುಬುಟ್ಟಿಯ ಹೂಗಳಿಗೆ ನೀರುಣಿಸುತ್ತಿದ್ದ. ಊರಿನ ಹೂಬುಟ್ಟಿ ಸ್ಪರ್ಧೆಯ ತೀರ್ಪುಗಾರರು ಸೋಮವಾರ ಬರುವವರಿದ್ದರು. ಹದಿನಾಲ್ಕು ಬುಟ್ಟಿ, ಬುಟ್ಟಿಗೆ ಐದು ನಿಮಿಷ. ನಿವೃತ್ತ ರೈಲು ಚಾಲಕನಾದ ಅವನಿಗೆ ಜಗತ್ತಿನ ಯಂತ್ರಗಳೆಲ್ಲ ರೈಲಿನ ತಮ್ಮಂದಿರು.

“ಲೋ ಸಿರಿಲ್, ತಲೆ ಮೇಲೇನೋ ಅದು? ಯಾರಿಗೋ ಟೀ ಬಸಿದು ಕೊಡೋಕೆ ಹೊರಟಂಗಿದೀಯ.”

ಸಿರಿಲ್ ಕತೆ ಹೇಳಿದ. ಡಗ್ಲಸ್ ನೀರು ನಿಲ್ಲಿಸಿ, ಸ್ಪ್ಯಾನರು ಹಿಡಿದು, ಒಂದು ಮನೆ ದಾಟಿ ಬಂದು ಅಡುಗೆಮನೆಯ ನಲ್ಲಿ ಬಿಟ್ಟ. ಬಾಯ್ಲರು ಹುಮ್ಮಸ್ಸಿನಿಂದ ಹೊತ್ತಿಕೊಂಡಿತು. ನೀರು ಹಬೆಯಾಡಿತು.

“ಇದಕ್ಕೇನಾಗಿದೆ?”

“ಈಗ ತಾನೆ ಆರಿತ್ತಪ್ಪ.”

“ನಿನಗೆ ವಯಸ್ಸಾಯ್ತು, ಅದಕ್ಕಲ್ಲ,” ಎಂದು ಡಗ್ಲಸ್ ಹೊರಟುಹೋದ.

ಸಿರಿಲ್ ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ, ಬಟ್ಟೆ ಬಿಚ್ಚಿ, ಕುಲಾವಿ ಕಿತ್ತು, ಷವರಿನ ಕೆಳಗೆ ನಿಂತ. ಬಿಸಿನೀರು ಬಂತು. ಕಣ್ಣಲ್ಲಿ ನೀರು ಬಂತು. ಡಗ್ಲಸ್ ತನ್ನ ಹಿತ್ತಿಲಿಗೆ ನಡೆದುಹೋಗಿ ಮುಟ್ಟುವಷ್ಟು ಹೊತ್ತು ಬಂತು. ಟಕ್.

ಮತ್ತೆ ಕುಲಾವಿ, ಮತ್ತೆ ಹಿತ್ತಿಲು, ಮತ್ತೆ ಡಗ್ಲಸ್. ಅವನು ಬಂದು ನಿಂತರೆ ಸಾಕು, ಮುದುಕ ಕಾಯಿಸುತ್ತಾನೆ. ಅವನು ಬೆನ್ನು ಹಾಕಿದರೆ ಕೈಕೊಡುತ್ತಾನೆ. ಮೂರನೇ ಸಲ ಬಂದಾಗ ಡಗ್ಲಸ್ ಗಂಭೀರನಾದ. “ಇದು ನನ್ನನ್ನ ಕಂಡ್ರೆ ಹೆದರುತ್ತೆ ಕಣೋ. ಇಂಜಿನ್‌ಗಳೂ ಹಾಗೇ. ಆದ್ರೆ ನಾನು ಇಲ್ಲೇ ಸಂಸಾರ ಹೂಡೋಕಾಗಲ್ಲ. ಒತ್ತಡ ಕಮ್ಮಿ ಇರಬೇಕು, ನೋಡು, ಮುಳ್ಳು ಒಂದರ ಕೆಳಗಿದೆ.”

ಬಾಯ್ಲರಿನ ಕೆಳಗೆ ನೀರು ತುಂಬುವ ಒಂದು ಸಣ್ಣ ತಿರುಪಿತ್ತು. ಡಗ್ಲಸ್ ಅದನ್ನು ಬಿಟ್ಟ. ಮುಳ್ಳು ಒಂದಕ್ಕೆ ಬಂತು, ಒಂದೂವರೆಗೆ ಬಂತು. “ಸಾಕಲ್ವ?” ಎಂದ ಸಿರಿಲ್. “ರೈಲಿನಲ್ಲಿ ನಾವು ಹದಿನೈದರವರೆಗೂ ಬಿಡ್ತಿದ್ವಿ,” ಎಂದ ಡಗ್ಲಸ್. ಮುಳ್ಳು ಮೂರು ಮುಟ್ಟಿದಾಗ ಮುದುಕ ತಡೆಯಲಾರದೆ, ಗೋಡೆಯಾಚೆ ಮೂತಿ ಚಾಚಿದ್ದ ತಾಮ್ರದ ನಳಿಕೆಯಿಂದ ಹತ್ತೊಂಬತ್ತು ವರ್ಷದ ತುಕ್ಕುನೀರನ್ನು ಹಿತ್ತಿಲಿಗೆ ಉಗಿದ. ಹಿತ್ತಿಲಿನ ತಂತಿಯ ಮೇಲೆ ಮ್ಯಾವಿಸ್‌ಳ ಹಾಸಿಗೆಗೆಂದು ಒಗೆದು ಹರವಿದ ಎರಡು ಬಿಳೀ ದುಪ್ಪಟಿ ಒಣಗುತ್ತಿದ್ದವು. ಅವು ಚಿರತೆಯ ಚರ್ಮದಂತೆ ಚುಕ್ಕೆಚುಕ್ಕೆಯಾದವು.

“ಒತ್ತಡ ಈಗ ಸರಿಯಾಯ್ತು,” ಎಂದ ಡಗ್ಲಸ್, ದುಪ್ಪಟಿಯ ಕಡೆ ನೋಡದೆ.

ಗಲಾಟೆ ಕೇಳಿ ಮೂರನೇ ನಂಬರಿನ ವಿನಿಫ್ರೆಡ್ ಅಜ್ಜಿ ಬಂದಳು. ಎಂಬತ್ತೇಳು ವರ್ಷ. ಆ ಮನೆಯಲ್ಲೇ ಹುಟ್ಟಿ, ಆ ಮನೆಯಲ್ಲೇ ಮದುವೆಯಾಗಿ, ಆ ಮನೆಯಲ್ಲೇ ಗಂಡನನ್ನು ಕಳೆದುಕೊಂಡವಳು. ಬೀದಿಯಲ್ಲಿ ಅವಳಿಗೆ ವಿನ್ನಿ ಎಂದೇ ಹೆಸರು. ತಂತಿಯಿಂದ ದುಪ್ಪಟಿ ಎಳೆದು ಕಂಕುಳಿಗೆ ಸಿಕ್ಕಿಸಿಕೊಂಡಳು. “ಗಂಡಸರಿಗೆ ಮನೆ ಬಿಟ್ಟುಹೋದ್ರೆ ಹೀಗೇ. ನಾನು ಒಗೆದು ಕೊಡ್ತೀನಿ ಮಗಾ. ಸೋಡಾ ಹಾಕಿ ಎರಡು ಸಲ ಮೆಷಿನ್ನಿಗೆ ಹಾಕ್ತೀನಿ. ನೀನು ಹೋಗಿ ಸ್ನಾನ ಮಾಡು, ಕಿವಿಯಿಂದ ನೊರೆ ಬರ್ತಿದೆ.”

ಅವಳು ಮನೆ ಸೇರಿ ಮೆಷಿನ್ನು ಹಾಕಿದಳು. ಸಿರಿಲ್ ನಲ್ಲಿ ಬಿಟ್ಟ. ಮುದುಕ ಟಕ್ ಎಂದ. ಡಗ್ಲಸ್ ಪಕ್ಕದಲ್ಲೇ ನಿಂತಿದ್ದ. ತನಗೆ ಹೆದರಬೇಕಾದ ಯಂತ್ರ ತನ್ನೆದುರೇ ಆರಿಹೋದದ್ದು ಅವನ ಮನಸ್ಸಿಗೆ ನಾಟಿತು. ಮನೆಗೆ ಹೋಗಿ ಹೂಬುಟ್ಟಿಗೆ ನೀರು ಬಿಟ್ಟ.

ಆಗ ಏಳನೇ ನಂಬರಿನ ಇಮ್ತಿಯಾಜ್ ಗೋಡೆಯ ಮೇಲಿಂದ ತಲೆ ಹಾಕಿದ. ಟ್ಯಾಕ್ಸಿ ಓಡಿಸುವವನು. ಪ್ರಯಾಣಿಕರ ಕಷ್ಟ ಕೇಳಿ ಕೇಳಿ ಅವನಿಗೆ ಎಲ್ಲ ರೋಗಕ್ಕೂ ಮದ್ದು ಗೊತ್ತಿತ್ತು.

“ಅಂಕಲ್, ಇದು ಒಳಗೆ ನೀರು ತಿರುಗಿಸೋ ವಾಲ್ವು ಸಿಕ್ಕಿಹಾಕಿಕೊಂಡಿರೋದು. ನಮ್ಮ ಚಿಕ್ಕಮ್ಮನ ಮನೇಲೂ ಹೀಗೇ ಆಗಿತ್ತು. ಮನೆ ಕಾಯಿಸೋ ಹೀಟಿಂಗ್ ಹಾಕಿದ್ರೆ ಮಾತ್ರ ನಲ್ಲೀಲಿ ಬಿಸಿನೀರು.”

“ಜುಲೈನಲ್ಲಿ ಹೀಟಿಂಗಾ?”

“ಬಿಸಿನೀರು ಬೇಕಾ ಬೇಡ್ವಾ?”

ಇಮ್ತಿಯಾಜ್ ಒಳಗೆ ಬಂದು ಹೀಟಿಂಗಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಗುಂಡಿ ಕೊನೆ ಮುಟ್ಟಿದ ಮೇಲೂ ಸ್ವಲ್ಪ ತಿರುಗಿಸಿದ. ಅದು ಅವನ ಕೈಗೇ ಬಂತು. ಇನ್ನು ಆರಿಸುವ ಹಾಗಿಲ್ಲ. ಆರು ಕೋಣೆಯ ಆರು ರೇಡಿಯೇಟರುಗಳು ಟಿಣಿಟಿಣಿ ಎನ್ನುತ್ತ ಕಾಯತೊಡಗಿದವು. ಹೊರಗೆ ಇಪ್ಪತ್ತೆಂಟು ಡಿಗ್ರಿ, ಒಳಗೆ ಬ್ರೆಡ್ಡು ಸುಡುವ ಒಲೆ. ಸಿರಿಲ್‌ನ ಕುಲಾವಿಯೊಳಗೆ ಬೆವರು, ಶಾಂಪೂ ಎರಡೂ ಸೇರಿ ಹೊಸದಾಗಿ ನೊರೆ ಎದ್ದಿತು.

ಮಧ್ಯಾಹ್ನ ಮೂರರ ಹೊತ್ತಿಗೆ ವಿನ್ನಿ ದುಪ್ಪಟಿ ಒಗೆದು ತಂದಳು. ಸೆಖೆ ತಡೆಯಲಾರದೆ ಡಗ್ಲಸ್‌ನ ಮುನಿಸೂ ಇಳಿದು ಅವನೂ ಬಂದ. ಇಮ್ತಿಯಾಜ್ ಹೇಗೂ ಇದ್ದ. ಮೂವರೂ ಮುದುಕನೆದುರು ನಿಂತು ನಲ್ಲಿ ಬಿಟ್ಟರು. ನೀರು ಬುಸುಗುಟ್ಟುತ್ತ ಬಿಸಿಯಾಗಿ ಬಂತು. ಹತ್ತು ನಿಮಿಷ ಬಂತು, ಹದಿನೈದು ನಿಮಿಷ ಬಂತು. ಸಿರಿಲ್ ತಲೆಯ ನೊರೆಯನ್ನೇ ಮರೆತು ಹಸಿರು ದೀಪ ನೋಡುತ್ತ ನಿಂತ.

“ಹೇಳಲಿಲ್ವಾ, ಹೀಟಿಂಗ್ ಹಾಕಬೇಕು ಅಂತ?” ಎಂದ ಇಮ್ತಿಯಾಜ್.

“ಅದು ನಾನು ತುಂಬಿದ ಒತ್ತಡ ಕಣಯ್ಯ, ಈಗ ಕೆಲಸಕ್ಕೆ ಬಂದಿದೆ,” ಎಂದ ಡಗ್ಲಸ್.

“ಇಬ್ಬರೂ ಸುಮ್ನಿರಿ. ಅದಕ್ಕೆ ಒಂದು ಒಳ್ಳೇ ಮಾತು ಬೇಕಿತ್ತು,” ಎಂದು ವಿನ್ನಿ ಬಾಯ್ಲರಿನ ಕೆನ್ನೆ ಸವರಿದಳು.

ಮೂವರೂ ಜಗಳವಾಡುತ್ತಲೇ ಮನೆಗೆ ಹೋದರು. ಡಗ್ಲಸ್ ಬುಟ್ಟಿಗೆ ನೀರು ಬಿಟ್ಟ, ಇಮ್ತಿಯಾಜ್ ಮರುದಿನದ ಮದುವೆ ಬಾಡಿಗೆಗೆಂದು ಟ್ಯಾಕ್ಸಿ ತೊಳೆಯಲು ನಿಂತ, ವಿನ್ನಿ ಕೆಟಲಿಗೆ ನೀರು ಹಿಡಿದಳು. ಟಕ್.

ಸಿರಿಲ್ ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದು ಕೂತ. ಆ ಗಳಿಗೆಯಲ್ಲಿ ಅವನಿಗೆ ಸೌತ್‌ಪೋರ್ಟಿನ ಫ್ಲ್ಯಾಟು ಕಣ್ಣಿಗೆ ಕಟ್ಟಿತು. ಗೋಡೆಯಾಚೆಯಿಂದ ಮ್ಯಾವಿಸ್ “ಸಿರಿಲ್, ರೇಡಿಯೋ ಸದ್ದು ಕಮ್ಮಿ ಮಾಡು” ಎಂದಂತಾಯಿತು. ಅವನಿಗೆ ನಿಜವಾಗಿಯೂ ಅಳು ಬಂತು. ಆದರೆ ಅವನು ಮೂವತ್ತೇಳು ವರ್ಷ ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆದವನು. ಅಳು ಬಂದಾಗ ಪಟ್ಟಿ ಬರೆಯುವುದು ಅವನ ರೂಢಿ. ಕೆಂಪು ರಟ್ಟಿನ ಪುಸ್ತಕ ತೆಗೆದು ಗೆರೆ ಎಳೆದ. ಎಷ್ಟು ಗಂಟೆಗೆ ಬಿಸಿ, ಎಷ್ಟು ಗಂಟೆಗೆ ತಣ್ಣಗೆ, ಆಗ ಯಾರು ಎಲ್ಲಿದ್ದರು ಎಂದು ನೆನಪಿದ್ದಷ್ಟನ್ನೂ ಕಾಲಂ ಮಾಡಿ ಬರೆದ.

ಬರೆದು ಮುಗಿಸಿ ನೋಡಿದರೆ ಪಟ್ಟಿ ತಾನೇ ಮಾತಾಡಿತು. ಮೂವರೂ ತನ್ನ ಮನೆಯಲ್ಲಿದ್ದಾಗ ಬಿಸಿ. ಒಬ್ಬರು ಅವರ ಮನೆಗೆ ಹೋಗಿ ನೀರು ಬಿಟ್ಟರೂ ತಣ್ಣಗೆ. ಮುದುಕನಿಗೆ ಜನರ ಸಹವಾಸ ಬೇಕೆಂದಲ್ಲ. ಆ ಜನ ಅವರವರ ನಲ್ಲಿಯಿಂದ ದೂರ ಇರಬೇಕಿತ್ತು.

ಓಡಿಹೋಗಿ ವಿನ್ನಿಯ ಬಾಗಿಲು ತಟ್ಟಿದ. “ವಿನ್ನಿ, ನಮ್ಮೆಲ್ಲರ ಮನೆಗೂ ನೀರು ಎಲ್ಲಿಂದ ಬರುತ್ತೆ?”

“ಒಂದೇ ಪೈಪು ಮಗಾ. ಒಂದನೇ ನಂಬರಿನ ಅಡಿಯಿಂದ ಶುರುವಾಗಿ ಸಾಲಾಗಿ ಬಂದು ನಿನ್ನ ಮನೇಲಿ ಮುಗಿಯತ್ತೆ. ನಮ್ಮಪ್ಪನ ಕಾಲದ್ದು. ಎಲ್ಲರೂ ಕುಡಿದು ಬಿಟ್ಟಿದ್ದು ನಿನಗೆ. ಸಣ್ಣ ಧಾರೆಗೆ ಹೊಸ ಬಾಯ್ಲರುಗಳು ಹೊತ್ಕೋತವೇನೋ, ನಿನ್ನ ಮುದುಕ ಎಲ್ಲಿ ಹೊತ್ಕೊಳ್ತಾನೆ?”

“ಬೆಳಿಗ್ಗೆಯಿಂದ ಇದನ್ನ ಹೇಳಬಾರದಾಗಿತ್ತಾ?”

“ನೀನು ಕೇಳಿದ್ದು ಬಾಯ್ಲರ್ ವಿಷಯ. ಪೈಪಿನ ವಿಷಯ ಯಾರು ಕೇಳಿದ್ರು?” ವಿನ್ನಿಗೆ ಹಳೆಯದೆಲ್ಲ ನೆನಪಾಗಿ ಮುಖ ಅರಳಿತು. “ನಮ್ಮಮ್ಮನ ಕಾಲದಲ್ಲಿ ನೀರು ಹಿಡಿಯೋ ಮುಂಚೆ ಗೋಡೆಗೆ ಮೂರು ಸಲ ಗುದ್ದೋರು. ಆ ಕಡೆಯವರು ಅವರಾಚೆ ಗೋಡೆಗೆ ಗುದ್ದೋರು. ಆಗ ಒಂದನೇ ನಂಬರಿನಲ್ಲಿ ಒಬ್ಬಳಿದ್ದಳು, ಸ್ನಾನದ ಹುಚ್ಚು. ಅವಳು ತೊಟ್ಟಿ ತುಂಬಿಸೋಕೆ ಶುರು ಮಾಡಿದ್ರೆ ಉಳಿದ ನಾಲ್ಕು ಮನೆಗೆ ಉಪವಾಸ. ಸದ್ಯ, ಈಗ ಆ ಮನೆ ಖಾಲಿ. ಇದುವರೆಗೂ ಮಳೆ ಬರೋ ಊರಲ್ಲಿ ಗಿಡಕ್ಕೆ ಯಾರು ನೀರು ಬಿಡ್ತಿದ್ರು, ಅದಕ್ಕೇ ನಿನಗೆ ಗೊತ್ತಾಗಲಿಲ್ಲ.”

ಸಿರಿಲ್‌ಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮುದುಕನದು ಏನೂ ತಪ್ಪಿರಲಿಲ್ಲ. ಗಡಿಯಾರ ನೋಡಿಕೊಂಡ. ನಾಲ್ಕು ಗಂಟೆ. ಐದಕ್ಕೆ ಮೂವರೂ ತಪ್ಪದೆ ಒಂಬತ್ತನೇ ನಂಬರಿಗೆ ಟೀಗೆ ಬರಬೇಕೆಂದು ಮನೆಮನೆಗೂ ಹೋಗಿ ಕರೆದ. ಕಾರಣವನ್ನೂ ಹೇಳಿದ, ಕೈಯನ್ನೂ ಮುಗಿದ. ಆಮೇಲೆ ಮನೆಗೆ ಬಂದು ಕೆಟಲು, ಪಾತ್ರೆ, ಬಕೆಟ್ಟು, ಕಡೆಗೆ ಹೂದಾನಿಗೂ ನೀರು ತುಂಬಿಸಿಟ್ಟ. ಸ್ನಾನ ನಡೆಯುವಾಗ ತನ್ನ ಮನೆಯ ಇನ್ನೊಂದು ನಲ್ಲಿಯೂ ತಿರುಗುವಂತಿಲ್ಲ. ಈ ಓಡಾಟದಲ್ಲಿ ತಲೆ ತೊಳೆಯುವುದು ಹಿಂದೆ ಬಿತ್ತು.

ಐದು ಗಂಟೆ ಹತ್ತು ನಿಮಿಷಕ್ಕೆ ಎನಿಡ್ ಬಾಗಿಲು ತೆಗೆದು ಒಳಗೆ ಬಂದಳು. ಒಳಗಿನ ಶಾಖ ಮುಖಕ್ಕೆ ಹೊಡೆದು ಒಂದು ಹೆಜ್ಜೆ ಹಿಂದೆ ಸರಿದಳು. ಹಿಂದೆಯೇ ಮ್ಯಾವಿಸ್, ಕೈಯಲ್ಲಿ ತನ್ನದೇ ಸಾಬೂನಿನ ಡಬ್ಬಿ. ಕೋಣೆ ತುಂಬ ಜನ. ಇಮ್ತಿಯಾಜನ ಹೆಂಡತಿ ಕಳಿಸಿದ ಸಮೋಸ, ವಿನ್ನಿಯ ಒಣಹಣ್ಣಿನ ಕೇಕು, ಡಗ್ಲಸ್ ತಂದ ಒಂದು ಹೂಬುಟ್ಟಿ.

“ಏನಿದು, ಯಾರಾದ್ರೂ ಸತ್ರಾ?” ಎಂದಳು ಮ್ಯಾವಿಸ್.

“ನಿಮ್ಮನ್ನ ನೋಡೋಕೆ ಬಂದಿದಾರೆ,” ಎಂದ ಸಿರಿಲ್.

ಮ್ಯಾವಿಸ್ ಅವನನ್ನು ಕುಲಾವಿಯಿಂದ ಚಪ್ಪಲಿಯವರೆಗೆ ನೋಡಿದಳು. ಏನೋ ತಿದ್ದಲು ಬಾಯಿ ತೆರೆದವಳು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಮುಚ್ಚಿದಳು. “ಮೊದಲು ಸ್ನಾನ,” ಎಂದು ಮೇಲೆ ಹತ್ತಿದಳು.

ನಲ್ಲಿಯ ಸದ್ದು ಕೇಳಿತು. ಮುದುಕ ಹೊತ್ತಿಕೊಂಡ. ಕೆಳಗೆ ನಾಲ್ವರು ಅವನ ಹಸಿರು ದೀಪವನ್ನೇ ನೋಡುತ್ತ ಕೂತರು. ಎನಿಡ್ ಏನೂ ಅರ್ಥವಾಗದೆ ಎಲ್ಲರಿಗೂ ಟೀ ಬಗ್ಗಿಸಿದಳು. ಕಾಲು ಗಂಟೆ ಹೋಯಿತು. ಮ್ಯಾವಿಸ್ ತೊಟ್ಟಿಗೆ ಮತ್ತೆ ಬಿಸಿನೀರು ಬಿಟ್ಟುಕೊಂಡಳು. ಅರ್ಧ ಗಂಟೆ ಹೋಯಿತು. ಮತ್ತೆ ಬಿಟ್ಟುಕೊಂಡಳು. ಮೇಲಿನಿಂದ ಅವಳು ಯಾರೊಂದಿಗೋ ಮಾತಾಡುತ್ತಿರುವಂತೆ ಕೇಳಿಸಿತು. ಹೆಡ್‌ಮಿಸ್ಟ್ರೆಸ್ ಆಗಿದ್ದವರು ಸ್ನಾನದಲ್ಲೂ ಪಾಠ ಹೇಳುತ್ತಾರೆಂದುಕೊಂಡು ಸಿರಿಲ್ ತಲೆ ಕೆಡಿಸಿಕೊಳ್ಳಲಿಲ್ಲ.

ನಾಲ್ಕನೇ ಕಪ್ಪು ಟೀ ಆದ ಮೇಲೆ ಡಗ್ಲಸ್ ಕುರ್ಚಿಯಲ್ಲಿ ಅತ್ತಿತ್ತ ಹೊರಳಾಡಿದ. “ಸಿರಿಲ್, ನಿನ್ನ ಹಿತ್ತಿಲಲ್ಲಿ ಹಳೇ ಪಾಯಿಖಾನೆ ಇದೆಯಲ್ಲ?”

“ಇದೆ. ಅದಕ್ಕೂ ಇದೇ ಪೈಪು. ಕೂತ್ಕೋ.”

“ಲೋ, ನನಗೆ ಎಪ್ಪತ್ತೆರಡು.”

“ರೈಲು ಓಡಿಸೋವಾಗ ಏನು ಮಾಡ್ತಿದ್ದೆ?”

“ಮುಂದಿನ ಸ್ಟೇಷನ್ ಅಂತ ಒಂದು ಇರ್ತಿತ್ತು,” ಎಂದ ಡಗ್ಲಸ್ ದೈನ್ಯದಿಂದ.

ಅವನ ಗಮನ ಬೇರೆಡೆ ಸೆಳೆಯಲು ಇಮ್ತಿಯಾಜ್ ತನ್ನ ಟ್ಯಾಕ್ಸಿಯಲ್ಲಿ ಮದುಮಗನ ಬದಲು ಮದುಮಗನ ತಮ್ಮನನ್ನು ಚರ್ಚಿಗೆ ಒಯ್ದ ಕತೆ ಹೇಳಿದ. ವಿನ್ನಿ ಬಿದ್ದು ಬಿದ್ದು ನಕ್ಕಳು. ಡಗ್ಲಸ್ ನಗಿಸಬೇಡವೆಂದು ಬೇಡಿಕೊಳ್ಳುತ್ತಲೇ ನಕ್ಕ. ಎನಿಡ್ ಕೂಡ ಕೂತು ನಕ್ಕಳು. ಉರಿಯುವ ರೇಡಿಯೇಟರುಗಳ ನಡುವೆ ಬೆವರು ಒರೆಸಿಕೊಳ್ಳುತ್ತ ಅವರೆಲ್ಲ ನಗುವುದನ್ನು ನೋಡಿ ಸಿರಿಲ್‌ಗೆ ತುಂಬಾ ಪ್ರೀತಿ ಉಕ್ಕಿತು. ಇಂಥ ಬೀದಿಯನ್ನು ಬಿಟ್ಟು ಯಾರು ಹೋಗುತ್ತಾರೆ ಅನಿಸಿತು.

ಒಂದು ಗಂಟೆ ಇಪ್ಪತ್ತು ನಿಮಿಷ ಕಳೆದ ಮೇಲೆ ಮಹಡಿಯಲ್ಲಿ ತೊಟ್ಟಿಯ ಬಿರಡೆ ತೆಗೆದ ಸದ್ದು ಕೇಳಿತು. ಹಸಿರು ದೀಪ ಹಸಿರಾಗಿಯೇ ಇತ್ತು. ಇಮ್ತಿಯಾಜ್ ಸಿರಿಲ್‌ನ ಬೆನ್ನು ತಟ್ಟಿದ. ನಿಲುವಂಗಿ ತೊಟ್ಟು, ಬೇಯಿಸಿದ ಸೀಗಡಿಯ ಬಣ್ಣಕ್ಕೆ ತಿರುಗಿದ ಮ್ಯಾವಿಸ್ ಮೆಟ್ಟಿಲಿಳಿದು ಬಂದಳು. ಅವಳ ಮುಖದಲ್ಲಿ ಸಿರಿಲ್ ಹಿಂದೆಂದೂ ಕಾಣದ ಒಂದು ಮೆದುತನವಿತ್ತು.

“ನೀರು ಹೇಗಿತ್ತಕ್ಕ?” ಎಂದಳು ಎನಿಡ್.

“ಕೊನೇ ತನಕ ಕುದೀತಿತ್ತು. ನಮ್ಮ ಫ್ಲ್ಯಾಟಿನಲ್ಲಿ ಮೊಣಕಾಲು ಮುಳುಗೋಷ್ಟಕ್ಕೆ ಖಾಲಿ.”

“ಸರಿ,” ಎಂದಳು ಎನಿಡ್. “ಮಾತು ಅಂದ್ರೆ ಮಾತು. ಸಿರಿಲ್, ನಾವು ಇಲ್ಲೇ ಇರ್ತೀವಿ.”

ಸಿರಿಲ್ ಎದ್ದುನಿಂತ. ವಿನ್ನಿಯ ಕೈ ಹಿಡಿದು ಕುಲುಕಿದ.

ಮ್ಯಾವಿಸ್ ವಿನ್ನಿಯ ಪಕ್ಕ ಕೂತಳು. “ನಿಮಗೆಲ್ಲ ಒಂದು ವಿಷಯ ಹೇಳಬೇಕು. ನಾನು ಆ ಫ್ಲ್ಯಾಟಿಗೆ ಹೋಗಿ ಆರು ವರ್ಷವಾಯ್ತು. ಆರು ವರ್ಷದಲ್ಲಿ ಒಬ್ಬರೂ ನನ್ನ ಬಾಗಿಲು ತಟ್ಟಿಲ್ಲ. ಅದಕ್ಕೇ ಎನಿಡ್‌ನ ಬಾ ಬಾ ಅಂತ ಪೀಡಿಸ್ತಿದ್ದೆ. ಇವತ್ತು ನೀರಲ್ಲಿ ಮಲಗಿದ್ರೆ ಕೆಳಗಡೆಯಿಂದ ನಗು ಕೇಳಿಸ್ತಿತ್ತು. ಮನೆ ತುಂಬ ಜನ, ಬೆಚ್ಚಗೆ, ನೀರು ಬಿಸಿ. ಮುಪ್ಪಿನಲ್ಲಿ ಮನುಷ್ಯರಿಗೆ ಇನ್ನೇನು ಬೇಕು?” ಅವಳ ಕಣ್ಣುಗಳು ಒದ್ದೆಯಾಗಿದ್ದವು. ವಿನ್ನಿ ಅವಳ ಬೆನ್ನು ಸವರಿದಳು. ಸಿರಿಲ್‌ಗೂ ಅಯ್ಯೋ ಪಾಪ ಅನಿಸಿತು.

“ಅದಕ್ಕೇ,” ಎಂದಳು ಮ್ಯಾವಿಸ್, “ಬರೋವಾಗ ಈ ಸಾಲಿನ ಮೊದಲನೇ ಮನೆಗೆ ಬೋರ್ಡು ನೋಡಿದ್ದೆ. ತೊಟ್ಟಿಯಿಂದಲೇ ಆ ಏಜೆಂಟಿಗೆ ಫೋನು ಮಾಡಿ ಮುಗಿಸಿಬಿಟ್ಟೆ. ಒಂದನೇ ನಂಬರು. ಸೆಪ್ಟೆಂಬರಿಗೆ ಬರ್ತೀನಿ.”

ಎನಿಡ್ ಅಕ್ಕನನ್ನು ತಬ್ಬಿಕೊಂಡಳು. ಡಗ್ಲಸ್, ಇಮ್ತಿಯಾಜ್, ವಿನ್ನಿ ಮೂವರೂ ಮೊದಲು ಪರಸ್ಪರ ಮುಖ ನೋಡಿಕೊಂಡರು. ಆಮೇಲೆ ಮೂವರೂ ಸಿರಿಲ್‌ನ ಮುಖ ನೋಡಿದರು. ಡಗ್ಲಸ್ “ಇನ್ನು ನನ್ನ ಕೈಲಾಗಲ್ಲ” ಎಂದು ಎದ್ದು ಮನೆಯ ಕಡೆಗೆ ಓಡಿದ. ಇಮ್ತಿಯಾಜ್ ಅರ್ಧಕ್ಕೆ ಬಿಟ್ಟ ಟ್ಯಾಕ್ಸಿ ತೊಳೆಯಲು ಹೋದ. ವಿನ್ನಿ ಬಳಸಿದ ಕಪ್ಪುಗಳನ್ನೆಲ್ಲ ತಾನೇ ತೊಳೆದು ತರುತ್ತೇನೆಂದು ಬುಟ್ಟಿಯಲ್ಲಿ ಹಾಕಿಕೊಂಡು ಹೊರಟಳು.

“ಅಂದಹಾಗೆ ಸಿರಿಲ್,” ಎಂದಳು ಮ್ಯಾವಿಸ್, “ತಲೆ ಮೇಲೆ ಯಾಕೆ ಅದನ್ನ ಹಾಕ್ಕೊಂಡಿದೀಯ?”

ಸಿರಿಲ್ ಮೇಲೆ ಹತ್ತಿದ. ಬೆಳಗಿನ ಶಾಂಪೂ ಒಣಗಿ ಕುಲಾವಿ ತಲೆಗೆ ಅಂಟಿಕೊಂಡಿತ್ತು. ಕಿತ್ತು ತೆಗೆದು ನಲ್ಲಿ ತಿರುಗಿಸಿದ. ನೀರು ಬಿಸಿಯಾಗಿ ಬಂತು. ತಲೆ ಬಗ್ಗಿಸಿದ. ಗೋಡೆಯಾಚೆಯಿಂದ ಮೂರು ಗುದ್ದು ಕೇಳಿತು. ವಿನ್ನಿ ಹಳೆಯ ಪದ್ಧತಿಯನ್ನು ಇಮ್ತಿಯಾಜನಿಗೆ ಆಗಲೇ ಕಲಿಸಿಬಿಟ್ಟಿದ್ದಳು. ಟಕ್.

ಕೆಳಗಿನಿಂದ ಮ್ಯಾವಿಸ್ ಕೂಗಿದಳು. “ಸಿರಿಲ್, ಎಂಟು ಗಂಟೆಗೆ ನಾನು ಇನ್ನೊಂದು ಸಲ ಸ್ನಾನ ಮಾಡ್ತೀನಿ. ಅವರನ್ನೆಲ್ಲ ಮತ್ತೆ ಕರೀತೀಯಾ? ಆ ನಗು ಕೇಳ್ತಾ ನೀರಲ್ಲಿರೋದು ತುಂಬ ಹಿತವಾಗಿತ್ತು.”

ಸಿರಿಲ್ ತೊಟ್ಟಿಯ ಅಂಚಿನ ಮೇಲೆ ಕೂತು ಕೆಂಪು ಪುಸ್ತಕ ತೆರೆದ. ಪಟ್ಟಿಯ ಮೇಲುಗಡೆ, ಎಲ್ಲರಿಗಿಂತ ಮೊದಲ ಸಾಲಿನಲ್ಲಿ ಬರೆದ: ‘ಒಂದನೇ ನಂಬರು. ಮ್ಯಾವಿಸ್. ಬೆಳಿಗ್ಗೆ, ಮಧ್ಯಾಹ್ನ, ಸಂಜೆ.’ ಆಮೇಲೆ ಕುಲಾವಿಯನ್ನು ಮತ್ತೆ ತಲೆಗೆ ಹಾಕಿಕೊಂಡು, ಯಾರ ಕಣ್ಣಿಗೂ ಬೀಳದಂತೆ ಅಡುಗೆಮನೆಗೆ ಇಳಿದು, ಖಾಲಿಯಾಗಿದ್ದ ಕೆಟಲನ್ನು ನಲ್ಲಿಗೆ ಹಿಡಿದ. ಅದು ತುಂಬಲು ಹನ್ನೊಂದು ನಿಮಿಷ ಹಿಡಿಯಿತು. ಅಭ್ಯಾಸಬಲದಿಂದ ಅದನ್ನೂ ಬರೆದಿಟ್ಟುಕೊಂಡ.